ಗೇರ್ ಬಾಕ್ಸ್ ಇಳಿಸೋದು ಬೇಡ ಅಂದ ಮೇಸ್ತ್ರಿ: ಕೋಲಾರ ಟೇಕಲ್ ರಸ್ತೆಯ ಲಾರಿ ಗ್ಯಾರೇಜು

ಕೋಲಾರದ ಕಡೆ ಹಳೆ ಟಾಟಾ ಲಾರಿಗಳ ಡೀಸೆಲ್, ಆಯಿಲ್ ಸೋರಿಕೆ ಯಾರ ಹತ್ತಿರ ಮಾಡಿಸೋದು ಅಂತ ಹುಡುಕುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಗ್ಯಾರೇಜಿಗೆ ಬೋರ್ಡಿಲ್ಲ. ಟೇಕಲ್ ರಸ್ತೆಯಲ್ಲಿ ಒಂದು ಹುಣಸೆಮರ, ಅದರ ಕೆಳಗೆ ತಗಡಿನ ಶೆಡ್ಡು, ಮುಂದೆ ಬಾನೆಟ್ ಎತ್ತಿದ ಗಾಡಿಗಳು, ಇಷ್ಟೇ ಗುರುತು. ಮೇಸ್ತ್ರಿಯನ್ನು ಎಲ್ಲರೂ ಭಾಯ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ನಮ್ಮದು 1997ರ ಟಾಟಾ 1612, ಕೆಎ 07 ನಂಬರು. ಮಾಲೂರಿನ ಇಟ್ಟಿಗೆ ಗೂಡುಗಳಿಂದ ಹೊಸಕೋಟೆ, ವೈಟ್‌ಫೀಲ್ಡ್ ಕಡೆ ಲೋಡು ಹೊಡೆಯುತ್ತೆ. ಗಾಡಿ ನನ್ನ ಹೆಸರಿನಲ್ಲಿದೆ, ಓಡಿಸುವವನು ನನ್ನ ಮೈದುನ. ಯಜಮಾನರಿಗೆ ಬೆನ್ನಿನ ತೊಂದರೆ ಆದಮೇಲೆ ಲೆಕ್ಕ, ಡೀಸೆಲ್, ಟೈರು, ಎಫ್‌ಸಿ (ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಸರ್ಟಿಫಿಕೇಟು) ಎಲ್ಲಾ ನನ್ನ ತಲೆಗೇ ಬಂತು. ಎಂಜಿನ್ 697, ಆರು ಸಿಲಿಂಡರ್. ಬೆಂಜ್ ಎಂಜಿನ್ನಿನ ವಂಶ ಅಂತ ಹಳೇ ಡ್ರೈವರ್‌ಗಳು ಇವತ್ತಿಗೂ ಎದೆಯುಬ್ಬಿಸಿ ಹೇಳೋದು ಇದನ್ನೇ. 1954ರಿಂದ 1969ರವರೆಗೆ ಟಾಟಾದವರಿಗೆ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಒಪ್ಪಂದ ಇತ್ತು, ಅದರ ಗುಣ ಈ ಎಂಜಿನ್ನಿನಲ್ಲಿ ಉಳಿದಿದೆ. ಸಿಲಿಂಡರ್‌ಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ದೊಡ್ಡ ಪಂಪು ಮೈಕೋ ಕಂಪನಿಯದು, ಇನ್‌ಲೈನ್ ನಮೂನೆ. ಆ ಕಂಪನಿ 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸಿಕೊಂಡರೂ ನಮ್ಮ ಕಡೆ ಯಾವ ಮೇಸ್ತ್ರಿಯ ಬಾಯಲ್ಲೂ ಬಾಷ್ ಪಂಪು ಅನ್ನೋ ಮಾತು ನಾನು ಕೇಳಿಲ್ಲ.

ಗಾಡಿಯ ರೋಗ ಹೀಗಿತ್ತು. ನಿಲ್ಲಿಸಿದ ಜಾಗದಲ್ಲೆಲ್ಲ ಕರೀ ಆಯಿಲ್, ಅದೂ ಎಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಬೆಲ್ ಹೌಸಿಂಗ್ ಕೆಳಗೆ. ಕ್ಯಾಬಿನ್ ಒಳಗೆ ಡೀಸೆಲ್ ವಾಸನೆ. ಬೆಳಿಗ್ಗೆ ಹ್ಯಾಂಡ್ ಪಂಪ್ ಒತ್ತಿ ಒತ್ತಿ ಡೀಸೆಲ್ ಲೈನಿನ ಏರ್ ತೆಗೆಯದೆ ಸ್ಟಾರ್ಟ್ ಆಗಲ್ಲ. ಬೇರೆ ಕಡೆ ಒಬ್ಬರು ನೋಡಿ, ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ದಂಡ) ಹಿಂದಿನ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು, ಹೇಗೂ ಇಳಿಸಿದ ಮೇಲೆ ಕ್ಲಚ್ ಪ್ಲೇಟು, ಪ್ರೆಶರ್ ಪ್ಲೇಟು ಎಲ್ಲ ಹಾಕಿಬಿಡೋಣ, ಬೋರೂ (ಸಿಲಿಂಡರಿನ ಒಳಗೋಡೆ) ಸವೆದಿರೋ ಹಾಗಿದೆ ಅಂತ ದೊಡ್ಡ ಪಟ್ಟಿಯನ್ನೇ ಕೊಟ್ಟಿದ್ದರು. ಅದಕ್ಕೂ ಮುಂಚೆ ಇನ್ನೊಬ್ಬರು ಕಂಡಕಂಡಲ್ಲೆಲ್ಲ ಸಿಲಿಕಾನ್ ಬಳಿದು ಕಳಿಸಿದ್ದರು. ಒಂದು ವಾರ ಒಣಗಿತ್ತು, ಆಮೇಲೆ ಸಿಲಿಕಾನ್ ಪಕ್ಕದಿಂದಲೇ ಸೋರೋಕೆ ಶುರು.

ಭಾಯ್ ಎಂಜಿನ್ ಹತ್ತಿರ ಹೋಗುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ. "ಅಮ್ಮಾ, ತಿಂಗಳಿಗೆ ಎಷ್ಟು ಆಯಿಲ್ ಟಾಪಪ್ ಮಾಡ್ತೀರಾ?"

ಮೈದುನ ಬಾಯಿ ಬಿಡುವುದರೊಳಗೆ ನಾನು ಪುಸ್ತಕ ತೆಗೆದೆ. ಆಯಿಲ್ ಬದಲಾಯಿಸಿದ ಮೇಲೆ ಟಾಪಪ್‌ಗೆ ಅಂತ ಒಂದು ರೂಪಾಯಿ ಖರ್ಚಿಲ್ಲ. ಗೇಜ್ ಕಡ್ಡಿಯಲ್ಲಿ ಲೆವೆಲ್ ಇಳಿದೇ ಇಲ್ಲ. ನಾನು ಅದನ್ನು ಒಳ್ಳೇ ಸುದ್ದಿ ಅನ್ನೋ ಹಾಗೇ ಹೇಳಿದೆ. ಭಾಯ್ ಮುಖ ಗಂಭೀರ ಆಯಿತು. ಕೆಳಗೆ ಇಷ್ಟು ಸೋರ್ತಾ ಇದೆ, ಮೇಲಿಂದ ಯಾರೂ ಹಾಕ್ತಿಲ್ಲ, ಆದರೂ ಲೆವೆಲ್ ಇಳಿದಿಲ್ಲ ಅಂದರೆ ಇನ್ಯಾವುದೋ ಒಳಗೆ ಸೇರ್ತಿದೆ ಅಂದರು. ಕಡ್ಡಿ ಎಳೆದು ಎರಡು ಬೆರಳಿನ ನಡುವೆ ಆಯಿಲ್ ಉಜ್ಜಿ ನನ್ನ ಕಡೆಯೇ ಚಾಚಿದರು: "ಮೂಸಿ ನೋಡಿ." ಡೀಸೆಲ್. ಹಳೇ ಪೇಪರಿನ ಮೇಲೆ ಒಂದು ತೊಟ್ಟು ಬಿಟ್ಟರೆ ಕಪ್ಪು ಚುಕ್ಕೆಯ ಸುತ್ತ ತೆಳ್ಳಗೆ, ಹಳದಿಯಾಗಿ ಹರಡಿಕೊಂಡಿತು.

ನೀರಿನಂತಾದ ಆಯಿಲ್ ಯಾವ ಸೀಲಿನ ಅಂಚಲ್ಲೂ ನಿಲ್ಲಲ್ಲ. ಅಂದರೆ ಆಯಿಲ್ ಸೋರಿಕೆಗೆ ಮೂಲ ಡೀಸೆಲ್ ಸೋರಿಕೆ. ಹೊರಗೆ ಕಾಣುವ ಡೀಸೆಲ್ ಅಲ್ಲ, ಒಳಗೊಳಗೇ ಎಂಜಿನ್ ಕೆಳಗಿನ ಆಯಿಲ್ ಚೇಂಬರ್‌ಗೆ ಇಳಿಯುವ ಡೀಸೆಲ್. ಇದನ್ನು ಹಿಡಿಯದೆ ಹೊಸ ಸೀಲ್ ಹಾಕಿಸಿದ್ದರೆ ಆರು ತಿಂಗಳಲ್ಲಿ ಅದೇ ಕಥೆ. ಅದಕ್ಕಿಂತ ಹೆಚ್ಚಾಗಿ ಬೇರಿಂಗ್‌ಗಳ ಗತಿ ಏನು? ಆಯಿಲ್ ತೆಳುವಾದರೆ ಕ್ರ್ಯಾಂಕಿಗೂ ಬೇರಿಂಗಿಗೂ ನಡುವೆ ಇರಬೇಕಾದ ಪದರ ಉಳಿಯಲ್ಲ. ಲೆವೆಲ್ ಏರುತ್ತಾ ಹೋದರೆ ಎಂಜಿನ್ ಆ ಡೀಸೆಲ್ ಬೆರೆತ ಆಯಿಲ್ಲನ್ನೇ ಕುಡಿದು, ಆಫ್ ಮಾಡಿದರೂ ನಿಲ್ಲದೆ ಓಡುವ ಅಪಾಯವೂ ಇದೆ. ಟಾಪಪ್ ಖರ್ಚಿಲ್ಲ ಅಂತ ಖುಷಿಪಡುವ ಓನರ್‌ಗಳು ಒಮ್ಮೆ ಕಡ್ಡಿ ಎಳೆದು ಮೂಸಿ.

ಡೀಸೆಲ್ ಎಲ್ಲಿಂದ ಇಳಿಯುತ್ತಿತ್ತು ಅಂದರೆ, ದೊಡ್ಡ ಪಂಪಿನ ಪಕ್ಕಕ್ಕೆ ಅಂಟಿಕೊಂಡಿರುವ ಫೀಡ್ ಪಂಪಿನಿಂದ. ಟ್ಯಾಂಕಿನಿಂದ ಡೀಸೆಲ್ ಎಳೆದು ಫಿಲ್ಟರ್‌ಗೆ ತಳ್ಳೋದು ಅದರ ಕೆಲಸ. ಒಳಗೆ ಒಂದು ಸಣ್ಣ ಸ್ಪಿಂಡಲ್ ಇರುತ್ತೆ, ಪಂಪಿನ ಕ್ಯಾಮು ಅದನ್ನು ತಳ್ಳುತ್ತಾ ಇರುತ್ತೆ. ಆ ಸ್ಪಿಂಡಲ್ ಸವೆದರೆ ಡೀಸೆಲ್ ಅದರ ಪಕ್ಕದಿಂದ ಜಾರಿ ಪಂಪಿನ ಕೆಳಗಿನ ಆಯಿಲ್ ಭಾಗಕ್ಕೆ ಇಳಿಯುತ್ತೆ. ನಮ್ಮ ಗಾಡಿಯಲ್ಲಿ ಅಲ್ಲಿಂದ ಎಂಜಿನ್ ಚೇಂಬರ್‌ಗೆ ದಾರಿ. ಭಾಯ್ ಫೀಡ್ ಪಂಪ್ ಬಿಚ್ಚಿ ಸ್ಪಿಂಡಲ್ಲನ್ನು ಬೆರಳಲ್ಲಿ ಅಲ್ಲಾಡಿಸಿ ತೋರಿಸಿದರು. ಗಡಗಡ ಅನ್ನುತ್ತಿತ್ತು, ಬುಡದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು ಬಿದ್ದಿತ್ತು.

ದೊಡ್ಡ ಪಂಪಿನಲ್ಲಿ ಡೀಸೆಲ್ಲನ್ನು ಒತ್ತುವ ಪ್ಲಂಜರ್‌ಗಳು ಸವೆದರೂ ಇದೇ ತೊಂದರೆ ಬರುತ್ತಂತೆ. ಅದನ್ನು ಮಾತ್ರ ತಾನು ಮುಟ್ಟಲ್ಲ ಅಂತ ಭಾಯ್ ಮೊದಲೇ ಹೇಳಿದರು. ಪಂಪ್ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ, ಟೆಸ್ಟ್ ಬೆಂಚ್ ಇರುವ ಪಂಪ್ ಅಂಗಡಿಗೆ ಕಳಿಸಿದರು. ಅಲ್ಲಿ ಬೆಂಚಿನ ಮೇಲೆ ಕೂರಿಸಿ ಆರೂ ಲೈನಿಗೆ ಎಷ್ಟೆಷ್ಟು ಡೀಸೆಲ್ ಬರುತ್ತೆ ಅಂತ ಅಳೆದು, ಪ್ಲಂಜರ್ ಇನ್ನೂ ಚೆನ್ನಾಗಿದೆ, ಡೆಲಿವರಿ ವಾಲ್ವ್ ಹೋಲ್ಡರ್‌ಗಳ ರಬ್ಬರ್ ರಿಂಗ್ ಮಾತ್ರ ಗಟ್ಟಿಯಾಗಿವೆ ಅಂತ ಬದಲಾಯಿಸಿ, ಯಾರೂ ಸ್ಕ್ರೂ ತಿರುಗಿಸದ ಹಾಗೆ ಸೀಲ್ ಹಾಕಿ ಕೊಟ್ಟರು. ಈ ಊರಲ್ಲಿ ಪಂಪಿನ ಸ್ಕ್ರೂ ತಿರುಗಿಸಿ ಪಿಕಪ್ ಜಾಸ್ತಿ ಮಾಡಿಕೊಡ್ತೀನಿ ಅನ್ನುವ ಮೇಸ್ತ್ರಿಗಳಿಗೆ ಬರ ಇಲ್ಲ. ಪಿಕಪ್ ಜೊತೆ ಕರಿ ಹೊಗೆಯೂ ಬರುತ್ತೆ, ಮುಂದಿನ ಎಫ್‌ಸಿಯಲ್ಲಿ ಅದಕ್ಕೆ ಉತ್ತರ ಕೊಡಬೇಕಾದವಳು ನಾನು. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿವರ್ಷ ಎಫ್‌ಸಿ ಅನ್ನೋದು ಗೊತ್ತಿರುವ ವಿಷಯವೇ. ತನಗೆ ಬೆಂಚಿಲ್ಲ ಅಂತ ಒಪ್ಪಿಕೊಂಡು ಪಂಪ್ ಹೊರಗೆ ಕಳಿಸಿದ್ದಕ್ಕೇ ಈ ಗ್ಯಾರೇಜಿಗೆ ನನ್ನ ಕಡೆಯಿಂದ ಅರ್ಧ ಮಾರ್ಕು.

ಹೊಸ ಫೀಡ್ ಪಂಪ್ ತರೋಕೆ ಹೋದಾಗ ಇನ್ನೊಂದು ಮಾತು ಹೇಳಿದರು: ಡಬ್ಬಿ ನೋಡಿ ಮೋಸ ಹೋಗಬೇಡಿ, ಬಿಲ್ ಕೊಡುವ ಡೀಲರ್ ಹತ್ತಿರವೇ ತನ್ನಿ. ಮೈಕೋ ಹೆಸರಿನ ಡೂಪ್ಲಿಕೇಟ್ ಸಾಮಾನಿಗೆ ಕಮ್ಮಿ ಇಲ್ಲ.

ಇನ್ನು ಆಯಿಲ್ ಕಡೆ. ಈ ಭಾಗ ನಾನು ಅಲ್ಲೇ ಟೈರಿನ ಮೇಲೆ ಕೂತು ಪೂರ್ತಿ ನೋಡಿದೆ. ಮೊದಲು ಡೀಸೆಲ್, ಬ್ರಷ್ ಹಾಕಿ ಎಂಜಿನ್ ಉಜ್ಜಿದರು. ಇಟ್ಟಿಗೆ ಗೂಡಿನ ಕೆಂಪು ದೂಳು ಆಯಿಲ್ ಜೊತೆ ಸೇರಿ ಬೆರಳು ದಪ್ಪ ಕೂತಿತ್ತು. ಅದನ್ನು ಕೆರೆಯೋಕೇ ಹುಡುಗರಿಗೆ ಅರ್ಧ ದಿನ ಹಿಡಿಯಿತು. ಆಮೇಲೆ ಕಂಪ್ರೆಸರ್ ಗಾಳಿ ಹೊಡೆದು ಒಣಗಿಸಿ, ಹಳೇ ಸಾಕ್ಸಿನಲ್ಲಿ ಚಾಕ್‌ಪೀಸ್ ಪುಡಿ ತುಂಬಿ ಎಂಜಿನ್ ಮೇಲೆಲ್ಲ ತಟ್ಟಿದರು. ಬೆಲ್ ಹೌಸಿಂಗ್, ಚೇಂಬರ್ ಅಂಚು, ಫಿಲ್ಟರ್ ಬುಡ, ಮುಂದೆ ಪುಲ್ಲಿ ಹತ್ತಿರ, ಎಲ್ಲ ಬೆಳ್ಳಗಾಯಿತು. ಬಾನೆಟ್ ತೆಗೆದ ನಮ್ಮ ಲಾರಿ ವಿಭೂತಿ ಬಳಿದುಕೊಂಡ ಸ್ವಾಮಿಯ ಹಾಗೆ ನಿಂತಿತ್ತು. ಸ್ಟಾರ್ಟ್ ಮಾಡಿ, ಬಿಸಿಯಾಗೋವರೆಗೂ ಬಿಟ್ಟು, ಭಾಯ್ ಟಾರ್ಚ್ ಹಿಡಿದು ಕೂತರು. ಸಣ್ಣ ಹುಡುಗನೊಬ್ಬ ಕೆಳಗಿನಿಂದ ನೋಡುತ್ತಿದ್ದ, ಮೇಸ್ತ್ರಿ ಮೇಲಿನಿಂದ.

ಮೊದಲು ಕಪ್ಪಾದದ್ದು ಬೆಲ್ ಹೌಸಿಂಗ್ ಅಲ್ಲ. ಎಲ್ಲಕ್ಕಿಂತ ಮೇಲೆ ಟಪೆಟ್ ಕವರಿನ ಹಿಂದಿನ ಮೂಲೆಯಲ್ಲಿ ಪುಡಿ ಒದ್ದೆಯಾಯಿತು, ಅಲ್ಲಿಂದ ಒಂದು ಗೆರೆ ಎಂಜಿನ್ನಿನ ಹಿಂಬದಿಗೆ ಇಳಿದು ಬೆಲ್ ಹೌಸಿಂಗ್ ಮೇಲೆ ಬಂತು. ಓಡುವಾಗ ಗಾಳಿ ಆಯಿಲ್ಲನ್ನು ಹಿಂದಕ್ಕೆ ತಳ್ಳುತ್ತೆ, ನಿಂತಾಗ ಅದು ಕೆಳಕ್ಕೆ ಇಳಿಯುತ್ತೆ. ಹನಿ ಬೀಳುವ ಜಾಗ ನೋಡಿದರೆ ಪ್ರಯೋಜನ ಇಲ್ಲ, ಅದರ ಮೇಲಕ್ಕೂ ಮುಂದಕ್ಕೂ ಹುಡುಕಬೇಕು. ಗೇರ್ ಬಾಕ್ಸ್ ಇಳಿಸಿ ಅಂದವರು ಹನಿ ಬೀಳುವ ಜಾಗ ನೋಡಿ ಪಟ್ಟಿ ಬರೆದಿದ್ದರು.

ಕವರ್ ಬಿಚ್ಚಿದರೆ ಕಾರ್ಕ್ ಪ್ಯಾಕಿಂಗ್ ಬಿಸ್ಕತ್ ಥರ ಮುರಿಯಿತು. ಸೋರ್ತಾ ಇದೆ ಅಂತ ಯಾರೋ ಬೋಲ್ಟನ್ನು ಬಿಗಿದು ಬಿಗಿದು, ಕವರಿನ ಅಂಚೇ ಬೋಲ್ಟ್ ಹತ್ತಿರ ಒಳಕ್ಕೆ ಬಗ್ಗಿತ್ತು. ಎರಡು ಬೋಲ್ಟಿನ ನಡುವೆ ಅಂಚು ಮೇಲೆದ್ದು ಸಂದು. ಅದಕ್ಕೆ ಎಷ್ಟು ಹೊಸ ಪ್ಯಾಕಿಂಗ್ ಹಾಕಿದರೂ ಅಷ್ಟೇ. ಕವರನ್ನು ಮಟ್ಟಸವಾದ ಕಬ್ಬಿಣದ ಹಲಗೆ ಮೇಲಿಟ್ಟು, ಸಣ್ಣ ಸುತ್ತಿಗೆಯಲ್ಲಿ ಅಂಚಿನ ಉದ್ದಕ್ಕೂ ತಟ್ಟುತ್ತಾ, ಆಗಾಗ ಹಲಗೆಗೆ ಒತ್ತಿ ಕೆಳಗಿನಿಂದ ಬೆಳಕು ಬರುತ್ತಾ ಅಂತ ನೋಡುತ್ತಾ ನೆಟ್ಟಗೆ ಮಾಡಿದರು. ಹಳೇ ಸಿಲಿಕಾನ್ ಬ್ಲೇಡಿನಲ್ಲಿ ಕೆರೆದು ತೆಗೆದರು. ಚೇಂಬರ್ ಇಳಿಸಿದಾಗ ಅದರ ತುಣುಕುಗಳು ಆಯಿಲ್ ಪಂಪಿನ ಜಾಲರಿಗೂ ಅಂಟಿಕೊಂಡಿದ್ದವು. ಅಲ್ಲಿ ತುಂಬಿಕೊಂಡರೆ ಆಯಿಲ್ ಪ್ರೆಶರ್ ಬಿದ್ದು ಎಂಜಿನ್ನೇ ಹೋಗುತ್ತೆ. ಸಿಲಿಕಾನ್ ಬಳಿದವರು ಆ ಜಾಲರಿಯನ್ನು ನೋಡಿರೋದಿಲ್ಲ.

ಆಮೇಲೆ ಬ್ರೀದರ್ ಪೈಪು. ಎಂಜಿನ್ ಒಳಗಿನ ಗಾಳಿ ಹೊರಗೆ ಬಿಡುವ ಪೈಪು ಅದು, ನಮ್ಮದರಲ್ಲಿ ದೂಳು ಗಟ್ಟಿಯಾಗಿ ಕೂತು ಮುಕ್ಕಾಲು ಮುಚ್ಚಿತ್ತು. ಗಾಳಿಗೆ ದಾರಿ ಇಲ್ಲದಿದ್ದರೆ ಅದು ಸೀಲು, ಪ್ಯಾಕಿಂಗ್ ಸಂದಿನಿಂದ ಆಯಿಲ್ ತಳ್ಳಿಕೊಂಡೇ ಹೊರಗೆ ಬರುತ್ತೆ. ಪೈಪು ಕ್ಲೀನ್ ಮಾಡಿ, ಬ್ಯಾಕ್ ಕಂಪ್ರೆಷನ್ (ಸಿಲಿಂಡರಿನಿಂದ ಕೆಳಕ್ಕೆ ಸೋರುವ ಒತ್ತಡ) ನೋಡೋಣ ಅಂತ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ಅದೇ ಬಾಯಿಯ ಮೇಲೆ ತಲೆಕೆಳಗಾಗಿ ಸುಮ್ಮನೆ ಇಟ್ಟು ಎಂಜಿನ್ ಓಡಿಸಿದರು. ಬೋರು ಪೂರ್ತಿ ಸವೆದಿದ್ದರೆ ಮುಚ್ಚಳ ಹಾರಿ ಬೀಳುತ್ತೆ. ನಮ್ಮದು ಅಲುಗಾಡುತ್ತಾ ಅಲ್ಲೇ ಕೂತಿತ್ತು. "ಬೋರ್ ಇನ್ನೂ ಚೆನ್ನಾಗಿದೆ ಅಮ್ಮಾ, ಈಗ ಬೇಡ" ಅಂದರು. ಬೋರ್ ಕೆಲಸ ಸಿಕ್ಕಿದ್ದರೆ ಅವರಿಗೆ ಎಷ್ಟು ಉಳಿಯುತ್ತಿತ್ತು ಅನ್ನೋದು ಲಾರಿ ಇಟ್ಟವರಿಗೆಲ್ಲ ಗೊತ್ತು.

ಕ್ರ್ಯಾಂಕಿನ ಹಿಂದಿನ ಸೀಲು ಸ್ವಲ್ಪ ಜಿನುಗುತ್ತಿರೋದು ನಿಜ. ಆದರೆ ಅದಕ್ಕಾಗಿಯೇ ಗೇರ್ ಬಾಕ್ಸು, ಕ್ಲಚ್ಚು, ಫ್ಲೈವೀಲು ಎಲ್ಲ ಇಳಿಸಬೇಕು, ಕ್ಲಚ್ ಜಾರ್ತಿಲ್ಲ, ಕ್ಲಚ್ ಪ್ಲೇಟ್ ಬದಲಾಯಿಸುವ ದಿನ ಬಂದಾಗ ಒಟ್ಟಿಗೆ ಮಾಡೋಣ ಅಂದರು. ಹೊಸ ಆಯಿಲ್ ಹಾಕಿದ ಮೇಲೆ ಆ ಜಿನುಗು ಇನ್ನೂ ಕಮ್ಮಿಯಾಗಿದೆ. ಈಗಲೂ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಕಾಸಿನಗಲ ಕಲೆ ಇರುತ್ತೆ. ಹೊಸ ಗಾಡಿಯಂತೆ ಒಣಗಿ ನಿಲ್ಲಬೇಕು ಅನ್ನುವವರಿಗೆ ಇದು ಸಮಾಧಾನ ಕೊಡಲಿಕ್ಕಿಲ್ಲ. ನನಗೆ ಸಾಕು.

ಬೆಳಗಿನ ಸ್ಟಾರ್ಟಿಂಗ್ ತೊಂದರೆಗೆ ಕಾರಣ ಬೇರೆಯೇ ಇತ್ತು. ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಭಾಗದಲ್ಲಿ ಪಂಪು ಡೀಸೆಲ್ ಎಳೀತಾ ಇರುತ್ತೆ. ಅಲ್ಲಿ ಸಂದಿದ್ದರೆ ಡೀಸೆಲ್ ಹೊರಗೆ ಬರೋದಕ್ಕಿಂತ ಗಾಳಿ ಒಳಗೆ ಹೋಗೋದೇ ಹೆಚ್ಚು, ಆದ್ದರಿಂದ ಎಲ್ಲೂ ಒದ್ದೆ ಕಾಣಲ್ಲ. ಭಾಯ್ ನಡುವೆ ಒಂದು ಗೇಣು ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಜೋಡಿಸಿದರು. ಗುಳ್ಳೆಗಳು ಸಾಲಾಗಿ ಓಡುತ್ತಿದ್ದವು. ಟ್ಯಾಂಕಿನ ಪೈಪನ್ನು ಕಿತ್ತು, ಕ್ಯಾನಿನಲ್ಲಿ ಇಟ್ಟ ಡೀಸೆಲ್‌ಗೆ ನೇರ ಪೈಪ್ ಬಿಟ್ಟಾಗ ಗುಳ್ಳೆ ನಿಂತಿತು. ಅಂದರೆ ಕಳ್ಳ ಟ್ಯಾಂಕಿನ ಕಡೆ. ಚಾಸಿಗೆ ಉಜ್ಜಿ ಉಜ್ಜಿ ರಬ್ಬರ್ ಪೈಪಿನ ಒಳಬದಿ ಸೀಳಿತ್ತು.

ಫಿಲ್ಟರಿನ ಮೇಲಿನ ಬ್ಯಾಂಜೊ ಬೋಲ್ಟ್ (ಒಳಗಿನ ತೂತಿನಲ್ಲಿ ಡೀಸೆಲ್ ಹಾಯುವ ಬೋಲ್ಟ್), ಸಿಲಿಂಡರ್‌ಗೆ ಡೀಸೆಲ್ ಸಿಂಪಡಿಸುವ ನಾಜಲ್‌ಗಳ ರಿಟರ್ನ್ ಲೈನು, ಇವುಗಳದು ಕಾಪರ್ ವಾಷರ್ ಕಥೆ. ತಾಮ್ರದ ವಾಷರ್ ಒಮ್ಮೆ ಒತ್ತಿದ ಮೇಲೆ ಗಟ್ಟಿಯಾಗುತ್ತೆ, ಮತ್ತೆ ಹಾಕಿದರೆ ಕೂರಲ್ಲ, ಬಿಗಿದಷ್ಟೂ ಬೋಲ್ಟಿಗೇ ಪೆಟ್ಟು. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮೆತ್ತಗಾಗುತ್ತೆ. ಭಾಯ್ ಫಿಲ್ಟರ್ ಕಡೆಯವನ್ನು ಕಾಯಿಸಿ, ಎಮರಿ ಪೇಪರಿಗೆ ಉಜ್ಜಿ ಹಾಕಿದರು. ನಾಜಲ್ ಕಡೆ ಮಾತ್ರ ಎಲ್ಲಾ ಹೊಸವೇ. ಹತ್ತಿಪ್ಪತ್ತು ರೂಪಾಯಿ ಸಾಮಾನಿಗೆ ಜಿಪುಣತನ ಮಾಡೋದು ಎಲ್ಲಿ, ಮಾಡಬಾರದು ಎಲ್ಲಿ ಅನ್ನೋ ಲೆಕ್ಕ ಇವರಿಗೆ ಇದೆ.

ಹೈ ಪ್ರೆಶರ್ ಪೈಪೊಂದರ ನಟ್ ಹತ್ತಿರ ಮಂಜಿನಂತೆ ಡೀಸೆಲ್ ಚಿಮ್ಮುತ್ತಿತ್ತು. ಹುಡುಗ ಎಲ್ಲಿಂದ ಅಂತ ನೋಡೋಕೆ ಬೆರಳು ಚಾಚಿದ. ಭಾಯ್ ಸ್ಪ್ಯಾನರ್ ಕೆಳಗೆ ಬಿಸಾಕಿ, ಅವನ ಕೈಗೆ ಒಂದು ಏಟು ಹೊಡೆದರು. ನಾಜಲ್ ತೆರೆಯುವ ಒತ್ತಡವೇ ಸುಮಾರು 200 ಬಾರ್, ಟೈರಿನ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಆ ಚಿಮ್ಮು ಚರ್ಮ ತೂರಿ ಒಳಗೆ ಹೋದರೆ ಮೇಲೆ ಸೂಜಿ ಚುಚ್ಚಿದಷ್ಟೇ ಗುರುತು, ಒಳಗೆ ಬೆರಳನ್ನೇ ಕಳೆದುಕೊಳ್ಳುವಷ್ಟು ಅಪಾಯ. ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಬೇಕಾದ ಗಾಯ ಅದು. ರಟ್ಟಿನ ತುಂಡು ಹಿಡಿದು ನೋಡು, ಒದ್ದೆ ಎಲ್ಲಿ ಬೀಳುತ್ತೆ ಗೊತ್ತಾಗುತ್ತೆ ಅಂತ ಹುಡುಗನಿಗೆ ಅಲ್ಲೇ ತೋರಿಸಿಕೊಟ್ಟರು. ಪೈಪುಗಳನ್ನು ಒಟ್ಟಿಗೆ ಹಿಡಿಯುವ ಕ್ಲಾಂಪ್ ಯಾವತ್ತೋ ಬಿದ್ದುಹೋಗಿ, ಪೈಪು ನಡುಗಿ ನಡುಗಿ ಬುಡದಲ್ಲಿ ಬಿರಿದಿತ್ತು. ಪೈಪೂ ಹೊಸದು, ಕ್ಲಾಂಪೂ ಹೊಸದು.

ಡೀಸೆಲ್ ಸೋರಿಕೆ ಚಿಕ್ಕದು ಅಂತ ಸೋಪು ತಿಕ್ಕಿ ಓಡಿಸುವವರಿಗೆ ಒಂದು ಲೆಕ್ಕ. ಸೆಕೆಂಡಿಗೆ ಒಂದು ಹನಿ, ಇಪ್ಪತ್ತು ಹನಿಗೆ ಹತ್ತಿರತ್ತಿರ ಒಂದು ಮಿಲಿ ಅಂದುಕೊಂಡರೆ, ದಿನಕ್ಕೆ ಎಂಟು ಗಂಟೆ ಎಂಜಿನ್ ಓಡಿದರೆ ಒಂದೂವರೆ ಲೀಟರ್ ಹತ್ತಿರ ನೆಲದ ಪಾಲು. ಲೀಟರ್‌ಗೆ 90 ರೂಪಾಯಿ ಆಸುಪಾಸು ಹಿಡಿದರೆ ತಿಂಗಳಿಗೆ 3,000 ದಾಟುತ್ತೆ.

ಖರ್ಚು ಹೇಳಿಬಿಡುತ್ತೇನೆ. ಭಾಯ್ ಕೂಲಿ 5,500. ಪಂಪ್ ಅಂಗಡಿಯಲ್ಲಿ ಬೆಂಚ್ ಕೆಲಸ, ರಿಂಗು ಸೇರಿ 4,200. ಫೀಡ್ ಪಂಪ್, ಪೈಪು, ಪ್ಯಾಕಿಂಗ್ ಸೆಟ್ಟು, ವಾಷರ್ ನಾನೇ ತಂದದ್ದು. ಆಯಿಲ್, ಎರಡು ಫಿಲ್ಟರ್ ಬೇರೆ. ಎಲ್ಲ ಸೇರಿದರೂ ಮೊದಲು ಕೊಟ್ಟಿದ್ದ ಪಟ್ಟಿಯ ಮೂರನೇ ಒಂದು ಭಾಗ ಆಗಲಿಲ್ಲ.

ಬೇಸರದ ವಿಷಯಗಳೂ ಇವೆ. ಮಂಗಳವಾರ ಕೊಡ್ತೀನಿ ಅಂದರೆ ಗುರುವಾರ ಅಂತ ತಿಳಿಯಿರಿ, ಟೊಮೆಟೊ ಸೀಸನ್ನಿನಲ್ಲಿ ಶನಿವಾರ. ಎಪಿಎಂಸಿ ಗಾಡಿ ರಸ್ತೆಯಲ್ಲಿ ನಿಂತರೆ ಹಣ್ಣು ಕೊಳೆಯುತ್ತೆ, ನಿಮ್ಮ ಇಟ್ಟಿಗೆ ಕೊಳೆಯಲ್ಲ ಅಂತ ನನ್ನ ಮುಖಕ್ಕೇ ಹೇಳಿದರು. ಸರಿಯಾದ ಮಾತೇ, ಆದರೆ ಇಟ್ಟಿಗೆ ಪಾರ್ಟಿಯವರು ನನ್ನ ಫೋನಿಗೆ ಬಯ್ಯೋದು ನಿಲ್ಲಲ್ಲ. ಫೋನ್ ಮಾಡಿದರೆ ಭಾಯ್ ಎತ್ತಲ್ಲ. ಬಿಲ್ ಅಂದರೆ ಸಿಗರೇಟ್ ಪ್ಯಾಕಿನ ಹಿಂದೆ ಪೆನ್ನಲ್ಲಿ ಬರೆದದ್ದು, ಲೆಕ್ಕದ ಪುಸ್ತಕಕ್ಕೆ ಅಂಟಿಸಿಟ್ಟಿದ್ದೇನೆ. ಹೆಂಗಸರಿಗೆ ಶೌಚಾಲಯ ಇಲ್ಲ, ದಿನವಿಡೀ ಕೂರೋದಾದರೆ ಬೇರೆ ವ್ಯವಸ್ಥೆ ನೋಡಿಕೊಳ್ಳಿ. ಕುರ್ಚಿಯೂ ಒಂದೇ, ಅದಕ್ಕೂ ಒಂದು ಕಾಲು ಮುರಿದಿದೆ.

ಒಂದು ಮಾತು ಮಾತ್ರ ಹೇಳಲೇಬೇಕು. ಹೆಚ್ಚಿನ ಗ್ಯಾರೇಜುಗಳಲ್ಲಿ ನಾನು ಪ್ರಶ್ನೆ ಕೇಳಿದರೆ ಉತ್ತರ ಮೈದುನನ ಕಡೆ ಹೋಗುತ್ತೆ. ಇಲ್ಲಿ ಸವೆದ ಸ್ಪಿಂಡಲ್ಲು ನನ್ನ ಅಂಗೈಗೇ ಬಂತು. ಬಿಚ್ಚಿದ ಹಳೇ ಸಾಮಾನನ್ನೆಲ್ಲ ಒಂದು ಚೀಲಕ್ಕೆ ಹಾಕಿ ಕ್ಯಾಬಿನ್ನಿನಲ್ಲಿ ಇಟ್ಟು ಕಳಿಸಿದರು, ಕೇಳುವ ಮೊದಲೇ.

2020ರ ನಂತರದ ಬಿಎಸ್6 ಗಾಡಿ ಇದ್ದರೆ ಇಲ್ಲಿಗೆ ಬರಬೇಡಿ. ಅವುಗಳ ಕಾಮನ್ ರೈಲ್ (ಕಂಪ್ಯೂಟರ್ ನಡೆಸುವ ಡೀಸೆಲ್ ಪದ್ಧತಿ) ಒತ್ತಡವೇ ಬೇರೆ, ಕಂಪ್ಯೂಟರ್ ಇಲ್ಲದೆ ಆಗುವ ಕೆಲಸವಲ್ಲ, ಭಾಯ್ ಕೂಡ ವಾಪಸ್ ಕಳಿಸುತ್ತಾರೆ. 697, 497 ಎಂಜಿನ್ನಿನ ಹಳೇ ಟಾಟಾಗಳು, ಹಳೇ ಲೇಲ್ಯಾಂಡ್‌ಗಳು, ಇಂಥವಕ್ಕೆ ಸರಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಕೆಲಸ ನಿಂತಿರುತ್ತೆ. ಗಾಡಿಯನ್ನು ಹಿಂದಿನ ಸಂಜೆಯೇ ತಂದು ಅಲ್ಲಿ ನಿಲ್ಲಿಸಿ, ಬೆಳಿಗ್ಗೆ ಮೊದಲ ಸ್ಟಾರ್ಟ್ ಭಾಯ್ ಎದುರಿಗೇ ಆಗಲಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲೇ ಏರ್ ಎಳೆಯೋದು ಕಾಣೋದು. ಬರುವ ಮೊದಲು ವಾಟರ್ ಸರ್ವಿಸ್ ಮಾಡಿಸಬೇಡಿ, ಸೋರಿಕೆಯ ಹಳೇ ಗುರುತುಗಳನ್ನು ಅವರೇ ನೋಡಿ, ಆಮೇಲೆ ಅವರೇ ತೊಳೆಯುತ್ತಾರೆ.